ನಕಲಿ ತಾಣಕ್ಕೆ ಬೀಗ: ಅಸಲಿ ವರ್ತಕನಿಗೆ ರಕ್ಷೆ ಎಷ್ಟು, ಅಪಾಯ ಎಷ್ಟು?

ಪಶ್ಚಿಮ ಬೆಂಗಳೂರಿನ ವರ್ತಕರಿಗೆ ಮೈಸೂರು ಸ್ಯಾಂಡಲ್ ಸಾಬೂನು ನೆರೆಮನೆಯ ಪದಾರ್ಥವಿದ್ದಂತೆ. 1918ರಲ್ಲಿ ನಗರದಲ್ಲಿ ಆರಂಭವಾದ ಸರ್ಕಾರಿ ಸಾಬೂನು ಕಾರ್ಖಾನೆಯು 1957ರಲ್ಲಿ ರಾಜಾಜಿನಗರದ ಕೈಗಾರಿಕಾ ಉಪನಗರಕ್ಕೆ ಸ್ಥಳಾಂತರಗೊಂಡಿತು. ಶರಭದ ಗುರುತನ್ನು ಹೊತ್ತ ಈ ಸಾಬೂನಿಗೆ ಭೌಗೋಳಿಕ ಸೂಚಿಯ ಮಾನ್ಯತೆಯೂ ದೊರೆತಿದೆ. ಆದರೂ 2024ರ ಜನವರಿಯಲ್ಲಿ ಹೈದರಾಬಾದಿನ ಮಲಕಪೇಟೆಯಲ್ಲಿ ಇದೇ ಹೆಸರಿನ ನಕಲಿ ಸಾಬೂನು ತಯಾರಿಸುತ್ತಿದ್ದ ಘಟಕವೊಂದು ಪತ್ತೆಯಾಯಿತು. ಕರ್ನಾಟಕ ಸಾಬೂನು ಮತ್ತು ಮಾರ್ಜಕ ನಿಯಮಿತದ ಸಿಬ್ಬಂದಿ ಖರೀದಿದಾರರ ವೇಷದಲ್ಲಿ ಹೋಗಿ ಜಾಡು ಹಿಡಿದರು. ಸುಮಾರು 2 ಕೋಟಿ ರೂಪಾಯಿ ಮೌಲ್ಯದ ಸರಕು ವಶವಾಯಿತು, ಇಬ್ಬರ ಬಂಧನವಾಯಿತು.

ಆ ಘಟಕಕ್ಕೆ ವಿಳಾಸವಿತ್ತು, ಬಾಗಿಲಿತ್ತು, ಬೀಗ ಹಾಕಲು ಚಿಲಕವಿತ್ತು. ಅದೇ ವ್ಯಾಪಾರವು ಅಂತರ್ಜಾಲ ತಾಣವೊಂದರಲ್ಲಿ ನಡೆದಿದ್ದರೆ ಬೀಗ ಹಾಕುವವರು ಯಾರು? ಯಾವ ಕಾನೂನಿನ ಅಡಿಯಲ್ಲಿ? ತಪ್ಪಾಗಿ ಬೀಗ ಬಿದ್ದರೆ ತೆಗೆಸುವುದು ಹೇಗೆ? ಕಾಮಾಕ್ಷಿಪಾಳ್ಯದ ಬಿಡಿಭಾಗ ತಯಾರಕರಿಂದ ಹಿಡಿದು ವಿಜಯನಗರದ ಸಿದ್ಧ ಉಡುಪು ವ್ಯಾಪಾರಿಗಳವರೆಗೆ ಎಲ್ಲರೂ ತಿಳಿದಿರಬೇಕಾದ ಪ್ರಶ್ನೆಗಳಿವು.

ಬೀಗ ಹಾಕುವ ಎರಡು ವಿಧಾನಗಳು

ತಾಣವನ್ನು ಮುಚ್ಚಿಸುವುದಕ್ಕೆ ಮುಖ್ಯವಾಗಿ ಎರಡು ಮಾರ್ಗಗಳಿವೆ. ಮೊದಲನೆಯದು, ತಾಣದ ಹೆಸರನ್ನೇ ವಶಪಡಿಸಿಕೊಳ್ಳುವುದು. ಅಮೆರಿಕದ ವಲಸೆ ಮತ್ತು ಸುಂಕ ಜಾರಿ ಇಲಾಖೆಯು 2010ರಲ್ಲಿ ‘ಆಪರೇಷನ್ ಇನ್ ಅವರ್ ಸೈಟ್ಸ್’ ಎಂಬ ಕಾರ್ಯಾಚರಣೆ ಆರಂಭಿಸಿ, ಆ ವರ್ಷದ ನವೆಂಬರ್‌ನಲ್ಲಿ ಒಂದೇ ಬಾರಿಗೆ 82 ತಾಣಗಳ ಹೆಸರುಗಳನ್ನು ವಶಪಡಿಸಿಕೊಂಡಿತು. ‘ಡಾಟ್ ಕಾಂ’ ಹೆಸರುಗಳ ಮೂಲ ದಾಖಲೆಯನ್ನು ನಿರ್ವಹಿಸುವ ಸಂಸ್ಥೆಯು ಅಮೆರಿಕದಲ್ಲಿರುವುದರಿಂದ ತಾಣದ ಒಡೆಯ ಯಾವ ದೇಶದವನಾದರೂ ಈ ಕ್ರಮ ಸಾಧ್ಯವಾಗುತ್ತದೆ. ರಫ್ತು ವ್ಯವಹಾರಕ್ಕೆ ‘ಡಾಟ್ ಕಾಂ’ ಹೆಸರನ್ನೇ ನಂಬಿರುವ ನಮ್ಮ ಉದ್ದಿಮೆದಾರರು ಇದನ್ನು ಗಮನದಲ್ಲಿಡಬೇಕು.

ಎರಡನೆಯದು, ಅಂತರ್ಜಾಲ ಸೇವೆ ಒದಗಿಸುವ ಕಂಪನಿಗಳ ಮೂಲಕ ತಾಣವು ಗ್ರಾಹಕರಿಗೆ ಕಾಣದಂತೆ ತಡೆಯುವುದು. ಭಾರತದಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವುದು ಈ ಕ್ರಮ. ಇಲ್ಲಿ ತಾಣ ನಾಶವಾಗುವುದಿಲ್ಲ. ಅದಕ್ಕೆ ಹೋಗುವ ದಾರಿ ಮಾತ್ರ ಮುಚ್ಚುತ್ತದೆ. ಒಂದಕ್ಷರ ಬದಲಿಸಿದ ಹೊಸ ಹೆಸರಿನಲ್ಲಿ ಅದೇ ಅಂಗಡಿ ಮರುದಿನವೇ ತೆರೆಯಬಹುದು. ಈ ಕಣ್ಣಾಮುಚ್ಚಾಲೆಗೆ ಉತ್ತರವಾಗಿ ದೆಹಲಿ ಉಚ್ಚ ನ್ಯಾಯಾಲಯವು 2019ರ ಏಪ್ರಿಲ್ 10ರಂದು ಯುಟಿವಿ ಸಂಸ್ಥೆಯ ಪ್ರಕರಣದಲ್ಲಿ, ಹೊಸದಾಗಿ ಹುಟ್ಟುವ ಪ್ರತಿರೂಪ ತಾಣಗಳಿಗೂ ವಿಸ್ತರಿಸಬಹುದಾದ ಚಲನಶೀಲ ತಡೆಯಾಜ್ಞೆಯನ್ನು ನೀಡಿತು.

ಸರ್ಕಾರದ ಅಧಿಕಾರದ ಮಿತಿ

ಸರ್ಕಾರವು ಯಾವ ತಾಣವನ್ನಾದರೂ ಮುಚ್ಚಿಸಬಲ್ಲದು ಎಂಬುದು ಸಾಮಾನ್ಯ ತಿಳಿವಳಿಕೆ. ಇದು ಪೂರ್ಣ ಸತ್ಯವಲ್ಲ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 69ಎ ಕಲಮು ದೇಶದ ಸಾರ್ವಭೌಮತೆ, ರಕ್ಷಣೆ, ಸಾರ್ವಜನಿಕ ಸುವ್ಯವಸ್ಥೆ ಮುಂತಾದ ಕಾರಣಗಳಿಗೆ ಮಾತ್ರ ತಡೆಯ ಅಧಿಕಾರ ನೀಡುತ್ತದೆ. ಕೃತಿಚೌರ್ಯವಾಗಲಿ ನಕಲಿ ಸರಕಾಗಲಿ ಆ ಪಟ್ಟಿಯಲ್ಲಿಲ್ಲ. ಆದ್ದರಿಂದಲೇ ಇಂಥ ಪ್ರಕರಣಗಳು ಬಹುಮಟ್ಟಿಗೆ ನ್ಯಾಯಾಲಯದ ಮೆಟ್ಟಿಲೇರಿವೆ.

ಚಲನಚಿತ್ರಗಳ ವಿಷಯದಲ್ಲಿ 2023ರಲ್ಲಿ ಬದಲಾವಣೆಯಾಯಿತು. ಸಿನಿಮಾಟೋಗ್ರಾಫ್ ಕಾಯ್ದೆಯ ತಿದ್ದುಪಡಿಯ ಬಳಿಕ, ಆ ವರ್ಷದ ನವೆಂಬರ್‌ನಲ್ಲಿ ಕೇಂದ್ರ ವಾರ್ತಾ ಮತ್ತು ಪ್ರಸಾರ ಸಚಿವಾಲಯವು 12 ಮಂದಿ ನೋಡಲ್ ಅಧಿಕಾರಿಗಳನ್ನು ನೇಮಿಸಿತು. ಅಧಿಕಾರಿಯ ನಿರ್ದೇಶನ ತಲುಪಿದ 48 ಗಂಟೆಗಳೊಳಗೆ ಕೃತಿಚೌರ್ಯದ ಪ್ರತಿಯನ್ನು ತೆಗೆಯಬೇಕೆಂಬುದು ಆಗಿನ ವ್ಯವಸ್ಥೆ. ಅದೇ ಮಾಹಿತಿ ತಂತ್ರಜ್ಞಾನ ಕಾಯ್ದೆಯ 79ನೇ ಕಲಮಿನ ಅಡಿ ಸರ್ಕಾರಿ ಸಂಸ್ಥೆಗಳು ‘ಸಹಯೋಗ’ ಪೋರ್ಟಲ್ ಮೂಲಕ ನೀಡುವ ಸೂಚನೆಗಳನ್ನು ಎಕ್ಸ್ ಕಾರ್ಪ್ ಸಂಸ್ಥೆಯು ಪ್ರಶ್ನಿಸಿದಾಗ, ಕರ್ನಾಟಕ ಉಚ್ಚ ನ್ಯಾಯಾಲಯದ ಏಕಸದಸ್ಯ ಪೀಠವು 2025ರ ಸೆಪ್ಟೆಂಬರ್ 24ರಂದು ಅರ್ಜಿಯನ್ನು ವಜಾಗೊಳಿಸಿತು.

ಕರ್ನಾಟಕದ ಕಾನೂನು ಇನ್ನೂ ಒಂದು ಹೆಜ್ಜೆ ಮುಂದಿದೆ. ‘ಗೂಂಡಾ ಕಾಯ್ದೆ’ ಎಂದೇ ಪ್ರಚಲಿತವಾಗಿರುವ 1985ರ ಶಾಸನಕ್ಕೆ 2014ರಲ್ಲಿ ತಂದ ತಿದ್ದುಪಡಿಯು, ವಾಣಿಜ್ಯ ಉದ್ದೇಶಕ್ಕಾಗಿ ತಿಳಿದೂ ಕೃತಿಸ್ವಾಮ್ಯವನ್ನು ಉಲ್ಲಂಘಿಸುವವರನ್ನು ‘ಡಿಜಿಟಲ್ ಅಪರಾಧಿ’ಗಳ ಸಾಲಿಗೆ ಸೇರಿಸಿತು. ಈ ಶಾಸನದಡಿ ವಿಚಾರಣೆಯಿಲ್ಲದೆ 12 ತಿಂಗಳವರೆಗೆ ಮುನ್ನೆಚ್ಚರಿಕೆಯ ಬಂಧನ ಸಾಧ್ಯ. ಮೆಮೊರಿ ಕಾರ್ಡಿಗೆ ಹೊಸ ಚಿತ್ರ ತುಂಬಿಕೊಡುವ ಮೊಬೈಲ್ ಅಂಗಡಿಯವರು ಇದನ್ನು ಲಘುವಾಗಿ ಪರಿಗಣಿಸುವಂತಿಲ್ಲ.

ಒಂದು ಸರಕಿಗಾಗಿ ಇಡೀ ಅಂಗಡಿ ಮುಚ್ಚಬಹುದೇ?

ಬೀಗ ಎಷ್ಟು ದೊಡ್ಡದಿರಬೇಕು ಎಂಬ ಪ್ರಶ್ನೆ ಬೆಂಗಳೂರಿನಲ್ಲಿಯೇ ಎದುರಾಯಿತು. ‘ಕೆ.ಜಿ.ಎಫ್. ಚಾಪ್ಟರ್ 2’ ಚಿತ್ರದ ಹಿಂದಿ ಹಾಡುಗಳ ಹಕ್ಕು ಹೊಂದಿದ್ದ ಎಂ.ಆರ್.ಟಿ. ಮ್ಯೂಸಿಕ್ ಸಂಸ್ಥೆಯು, ಆ ಸಂಗೀತವನ್ನು ಕಾಂಗ್ರೆಸ್ ಪಕ್ಷವು ಭಾರತ್ ಜೋಡೋ ಯಾತ್ರೆಯ ಪ್ರಚಾರದಲ್ಲಿ ಅನುಮತಿಯಿಲ್ಲದೆ ಬಳಸಿದೆಯೆಂದು 2022ರ ನವೆಂಬರ್‌ನಲ್ಲಿ ಯಶವಂತಪುರ ಠಾಣೆಗೆ ದೂರಿತ್ತು, ದಾವೆಯನ್ನೂ ಹೂಡಿತು. ನವೆಂಬರ್ 7ರಂದು ಬೆಂಗಳೂರಿನ ವಾಣಿಜ್ಯ ನ್ಯಾಯಾಲಯವು ಪಕ್ಷದ ಹಾಗೂ ಯಾತ್ರೆಯ ಟ್ವಿಟರ್ ಖಾತೆಗಳನ್ನು ತಾತ್ಕಾಲಿಕವಾಗಿ ತಡೆಯಲು ಆದೇಶಿಸಿತು. ಆಕ್ಷೇಪಿತ ತುಣುಕು 45 ಸೆಕೆಂಡಿನದು, ಅದಕ್ಕಾಗಿ ಇಡೀ ಖಾತೆಯನ್ನು ತಡೆಯುವುದು ಅತಿಯಾಯಿತು ಎಂಬುದು ಪಕ್ಷದ ವಾದ. ಮರುದಿನವೇ ಉಚ್ಚ ನ್ಯಾಯಾಲಯವು, ಆಕ್ಷೇಪಿತ ಭಾಗವನ್ನು ತೆಗೆಯಬೇಕೆಂಬ ಷರತ್ತಿನೊಂದಿಗೆ ಆ ಆದೇಶವನ್ನು ಬದಿಗಿರಿಸಿತು. ಹಕ್ಕುದಾರನ ಹಿತವೂ ಉಳಿಯಿತು, ಖಾತೆಗಳೂ ಉಳಿದವು.

ಎಲ್ಲರಿಗೂ ಇಷ್ಟು ಬೇಗ ಪರಿಹಾರ ಸಿಕ್ಕಿಲ್ಲ. 2012ರಲ್ಲಿ ತಮಿಳಿನ ‘3’ ಚಿತ್ರಕ್ಕೆ ಸಂಬಂಧಿಸಿದಂತೆ ಮದ್ರಾಸ್ ಉಚ್ಚ ನ್ಯಾಯಾಲಯ ನೀಡಿದ ಆದೇಶವನ್ನು ಮುಂದಿಟ್ಟುಕೊಂಡು ಸೇವಾ ಕಂಪನಿಗಳು ವಿಮಿಯೋ, ಡೈಲಿಮೋಶನ್‌ನಂತಹ ತಾಣಗಳನ್ನೇ ಮುಚ್ಚಿದವು. ನಿರ್ದಿಷ್ಟ ಪುಟಗಳನ್ನು ಮಾತ್ರ ತಡೆಯಬೇಕೆಂದು ಜೂನ್‌ನಲ್ಲಿ ನ್ಯಾಯಾಲಯವೇ ಸ್ಪಷ್ಟಪಡಿಸಬೇಕಾಯಿತು. ಅಮೆರಿಕದಲ್ಲಿ 2010ರ ನವೆಂಬರ್‌ನಲ್ಲಿ ವಶವಾದ ‘ಡಜಾಜ್ 1’ ಎಂಬ ಸಂಗೀತ ತಾಣವು ಯಾವ ಆರೋಪಪಟ್ಟಿಯೂ ಇಲ್ಲದೆ ಒಡೆಯನಿಗೆ ಮರಳಿದ್ದು 2011ರ ಡಿಸೆಂಬರ್‌ನಲ್ಲಿ. ಒಂದು ವರ್ಷ ಅಂಗಡಿ ಮುಚ್ಚಿದರೆ ಸಣ್ಣ ವ್ಯಾಪಾರಿಯ ಗತಿಯೇನೆಂಬುದನ್ನು ವಿವರಿಸಬೇಕಿಲ್ಲ.

ನಕಲಿಗೆ ಬಲಿಯಾದವರು ಮಾಡಬೇಕಾದುದು

ಮೊದಲನೆಯದಾಗಿ, ವ್ಯಾಪಾರಮುದ್ರೆಯ ನೋಂದಣಿ. ನೋಂದಾಯಿಸದ ಹೆಸರಿನ ಉಲ್ಲಂಘನೆಗಾಗಿ ದಾವೆ ಹೂಡಲಾಗದು. ಅನ್ಯರ ಹೆಸರಿನಲ್ಲಿ ಸರಕು ಸಾಗಿಸಿದ ಬಗೆಗಿನ ದಾವೆ ಮಾತ್ರ ಉಳಿಯುತ್ತದೆ, ಅದರಲ್ಲಿ ಖ್ಯಾತಿಯನ್ನು ಸಾಬೀತುಪಡಿಸುವ ಹೊರೆ ಹೆಚ್ಚು. 2017ರ ನಿಯಮಗಳಂತೆ ಸಣ್ಣ ಉದ್ದಿಮೆಗಳಿಗೆ ಆನ್‌ಲೈನ್ ಅರ್ಜಿಯ ಶುಲ್ಕ ಪ್ರತಿ ವರ್ಗಕ್ಕೆ 4,500 ರೂಪಾಯಿ, ಇತರರಿಗೆ 9,000. ಕರ್ನಾಟಕದ ಅರ್ಜಿಗಳು ಚೆನ್ನೈ ನೋಂದಣಿ ಕಚೇರಿಯ ವ್ಯಾಪ್ತಿಗೆ ಬರುತ್ತವೆ. ನೋಂದಣಿಯ ಅವಧಿ 10 ವರ್ಷ; ಬಳಿಕ ನವೀಕರಿಸಬಹುದು.

ಎರಡನೆಯದಾಗಿ, ತಾಣದ ಹೆಸರು. ಇದು ವ್ಯಾಪಾರದ ಹೆಸರಿನಷ್ಟೇ ರಕ್ಷಣಾರ್ಹವೆಂದು ಸರ್ವೋಚ್ಚ ನ್ಯಾಯಾಲಯವು 2004ರ ಮೇ 6ರಂದು ಸತ್ಯಂ ಇನ್ಫೋವೇ ಮತ್ತು ಸಿಫಿನೆಟ್ ಸಲ್ಯೂಷನ್ಸ್ ನಡುವಣ ಪ್ರಕರಣದಲ್ಲಿ ತೀರ್ಪಿತ್ತಿತು. ಆ ವ್ಯಾಜ್ಯ ಆರಂಭವಾದದ್ದು ಬೆಂಗಳೂರಿನ ಸಿಟಿ ಸಿವಿಲ್ ನ್ಯಾಯಾಲಯದಲ್ಲಿ. ‘ಡಾಟ್ ಇನ್’ ಹೆಸರುಗಳ ವಿವಾದಕ್ಕೆ ದಾವೆಯಿಲ್ಲದೆ ಮಧ್ಯಸ್ಥಿಕೆಯ ಮೂಲಕ ಪರಿಹಾರ ಪಡೆಯುವ ವ್ಯವಸ್ಥೆಯೂ ಇದೆ.

ಮೂರನೆಯದಾಗಿ, ಸಾಕ್ಷ್ಯ. ನಕಲಿ ತಾಣ ಕಂಡೊಡನೆ ಬೆದರಿಕೆಯ ಸಂದೇಶ ಕಳುಹಿಸಿದರೆ ಅದು ಮರುಗಳಿಗೆಯೇ ಮಾಯವಾದೀತು. ಮೊದಲು ಪುಟಗಳ ಪ್ರತಿಯನ್ನು ದಿನಾಂಕ ಸಹಿತ ತೆಗೆದಿರಿಸಬೇಕು. ಒಂದು ಸರಕನ್ನು ಖರೀದಿಸಿ ಬಿಲ್ಲು, ಪೊಟ್ಟಣ, ಪಾವತಿಯ ವಿವರಗಳನ್ನು ಕಾಪಾಡಬೇಕು. ವಿದ್ಯುನ್ಮಾನ ದಾಖಲೆಗೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಅಗತ್ಯ. ಗ್ರಾಹಕರಿಂದ ಹಣ ದೋಚಿದ್ದರೆ ವಿಳಂಬವಿಲ್ಲದೆ 1930 ಸಹಾಯವಾಣಿಗೆ ತಿಳಿಸಬೇಕು.

ದಾಸ್ತಾನಿನ ಜಪ್ತಿಗೂ ಕ್ರಮವಿದೆ. ವ್ಯಾಪಾರಮುದ್ರೆಗಳ ಕಾಯ್ದೆಯಂತೆ ಡಿವೈಎಸ್ಪಿ ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿಯು ನೋಂದಣಾಧಿಕಾರಿಯ ಅಭಿಪ್ರಾಯ ಪಡೆದು ವಾರಂಟ್ ಇಲ್ಲದೆಯೇ ಶೋಧಿಸಬಹುದು. ತಾಣವನ್ನೇ ತಡೆಯಬೇಕಾದರೆ ವಾಣಿಜ್ಯ ನ್ಯಾಯಾಲಯವೇ ದಾರಿ. ತುರ್ತು ತಡೆಯಾಜ್ಞೆ ಕೋರುವ ದಾವೆಗೆ ಪೂರ್ವಭಾವಿ ಮಧ್ಯಸ್ಥಿಕೆಯ ಕಡ್ಡಾಯವಿಲ್ಲ.

ಆರೋಪ ಹೊತ್ತವರಿಗೂ ರಕ್ಷಣೆ ಇದೆ

ಸಗಟು ವ್ಯಾಪಾರಿಯಿಂದ ಅಸಲಿಯೆಂದೇ ನಂಬಿ ಕೊಂಡ ಸರಕು ನಕಲಿಯಾಗಿ, ಕೆಂಗೇರಿಯ ಚಿಲ್ಲರೆ ವ್ಯಾಪಾರಿಯ ತಾಣಕ್ಕೆ ತಡೆ ಬಿತ್ತೆನ್ನೋಣ. ಅವನ ಕೈ ಹಿಡಿಯುವುದು ಖರೀದಿಯ ಜಿ.ಎಸ್.ಟಿ. ಬಿಲ್ಲು ಮತ್ತು ಪತ್ರವ್ಯವಹಾರ. ದಾವೆಯ ಸುಳಿವಿದ್ದರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 148ಎ ಕಲಮಿನಡಿ ಕೇವಿಯಟ್ ಸಲ್ಲಿಸಬಹುದು. 90 ದಿನ ಅದಕ್ಕೆ ಬಲವಿರುತ್ತದೆ. ಏಕಪಕ್ಷೀಯ ಆದೇಶ ಬಂದಿದ್ದರೆ ಅದರ ತೆರವಿಗೆ ಅರ್ಜಿ ಸಲ್ಲಿಸಿ, ಆಕ್ಷೇಪಿತ ಸರಕನ್ನು ತಾವಾಗಿಯೇ ತೆಗೆದು, ತಡೆಯನ್ನು ಆ ಪುಟಕ್ಕಷ್ಟೇ ಸೀಮಿತಗೊಳಿಸಲು ಕೋರಬಹುದು. ಆಧಾರವಿಲ್ಲದ ಬೆದರಿಕೆ ಒಡ್ಡುವ ಹಕ್ಕುದಾರನ ವಿರುದ್ಧ ದಾವೆಗೂ ಅವಕಾಶವಿದೆ.

ಇಂದು ನಕಲಿಯ ವಿರುದ್ಧ ದೂರು ಕೊಡುವ ವರ್ತಕನೇ ನಾಳೆ ದೂರಿಗೆ ಗುರಿಯಾಗಬಹುದು. ಎರಡೂ ಸಂದರ್ಭಗಳಲ್ಲಿ ನೆರವಿಗೆ ಬರುವುದು ನೋಂದಣಿ ಪತ್ರ, ಕ್ರಮಬದ್ಧ ಲೆಕ್ಕ ಮತ್ತು ಜೋಪಾನವಾಗಿರಿಸಿದ ಬಿಲ್ಲುಗಳು. ವ್ಯಾಜ್ಯ ಬಂದ ಮೇಲೆ ಇವನ್ನು ಹುಡುಕುವುದಕ್ಕಿಂತ, ಈ ತಿಂಗಳೇ ಕಡತವೊಂದನ್ನು ತೆರೆದು ಕೂಡಿಸಿಡುವುದು ಲೇಸು.