ಸಮಾಲೋಚನೆಯ ಅಳತೆಗೋಲು ಮತ್ತು ನಮ್ಮ ‘ಬೇಕು’

ತಂಬಾಕಿನ ಚಟ ಬಿಡಿಸಿಕೊಳ್ಳಲು ಬಂದ ರೈತರೊಬ್ಬರು ನಮ್ಮ ಮುಂದೆ ಕುಳಿತು, “ಬಿಡಬೇಕ್ರೀ ಡಾಕ್ಟ್ರೇ” ಎಂದರು. ಇದು ಅವರ ಇಚ್ಛೆಯೋ, ಬಿಡದೆ ಗತಿಯಿಲ್ಲವೆಂಬ ಅನಿವಾರ್ಯವೋ, ವೈದ್ಯರೆದುರು ಆಡಿದ ಸೌಜನ್ಯದ ಮಾತೋ? ಮೂರು ದಶಕಗಳಿಗೂ ಮಿಕ್ಕಿ ಇಂಥ ಮಾತುಗಳನ್ನು ಕೇಳಿದ ನಮಗೂ ಅದು ಥಟ್ಟನೆ ತಿಳಿಯುವುದಿಲ್ಲ.

ಚರಕಸಂಹಿತೆಯು ಮೂರು ವಿಧದ ಚಿಕಿತ್ಸೆಗಳಲ್ಲಿ ಸತ್ತ್ವಾವಜಯವನ್ನೂ ಎಣಿಸಿದೆ. ಮನಸ್ಸನ್ನು ಅಹಿತದಿಂದ ಹಿಂದೆಗೆಯುವುದು ಅದರ ಗುರಿ. ಇಂದಿನ ವ್ಯಸನಮುಕ್ತಿ ಚಿಕಿತ್ಸೆಯಲ್ಲಿ ಬಳಕೆಯಲ್ಲಿರುವ ಪ್ರೇರಣಾತ್ಮಕ ಸಮಾಲೋಚನೆಯ ಮಾರ್ಗ ಬೇರೆ. ಅಮೆರಿಕದ ಮನಶ್ಶಾಸ್ತ್ರಜ್ಞ ವಿಲಿಯಂ ಮಿಲ್ಲರ್ ಅವರು 1983ರಲ್ಲಿ ಇದನ್ನು ಮದ್ಯವ್ಯಸನಿಗಳಿಗಾಗಿ ಮೊದಲು ನಿರೂಪಿಸಿದರು. ಇಲ್ಲಿ ಉಪದೇಶವಿಲ್ಲ, ಗದರಿಕೆಯಿಲ್ಲ. ಬಿಡಲು ಕಾರಣವೇನೆಂಬುದು ರೋಗಿಯ ಬಾಯಿಂದಲೇ ಹೊರಬರುವಂತೆ ಸಮಾಲೋಚಕರು ಮಾತನ್ನು ನಡೆಸಬೇಕು.

ಹಾಗೆ ನಡೆಸಿದರೋ ಇಲ್ಲವೋ ಎಂದು ಪರೀಕ್ಷಿಸಲು ಅಳತೆಗೋಲುಗಳಿವೆ. ಎಂಐಟಿಐ ಎಂಬ ಸಾಧನದಲ್ಲಿ ಧ್ವನಿಮುದ್ರಿತ ಸಂಭಾಷಣೆಯ 20 ನಿಮಿಷಗಳನ್ನು ಕೇಳಿ, ಸಮಾಲೋಚಕರ ಸಹಾನುಭೂತಿ, ಸಹಭಾಗಿತ್ವ ಮುಂತಾದವುಗಳಿಗೆ 1ರಿಂದ 5ರವರೆಗೆ ಅಂಕ ಕೊಡುತ್ತಾರೆ. ಪ್ರಶ್ನೆ, ಪ್ರತಿಫಲಿಸಿದ ಮಾತು, ಮನವೊಲಿಕೆ ಎಷ್ಟೆಂದು ಎಣಿಸುತ್ತಾರೆ. ಎಂಐಎಸ್‌ಸಿ ಎಂಬ ಇನ್ನೊಂದು ಸಾಧನ ರೋಗಿಯ ಮಾತನ್ನೂ ಇಚ್ಛೆ, ಸಾಮರ್ಥ್ಯ, ಕಾರಣ, ಅಗತ್ಯ ಎಂದು ವಿಂಗಡಿಸುತ್ತದೆ.

ಇವು ಇಂಗ್ಲಿಷಿನಲ್ಲಿ ರೂಪುಗೊಂಡ ಸಾಧನಗಳು. ಕನ್ನಡಕ್ಕೆ ತಂದೊಡನೆ ಮೊದಲ ತೊಡಕು ನಮ್ಮ ರೈತರ ‘ಬೇಕು’ ಎಂಬ ಪದದಲ್ಲಿಯೇ ಇದೆ. ಇಂಗ್ಲಿಷಿನವರಿಗೆ ಇಚ್ಛೆಗೆ ಒಂದು ಪದ, ಅಗತ್ಯಕ್ಕೆ ಇನ್ನೊಂದು ಪದ. ನಮ್ಮ ‘ಬೇಕು’ ಎರಡನ್ನೂ ಹೊರುತ್ತದೆ. ಒಬ್ಬ ಕೇಳುಗ ಅದನ್ನು ಇಚ್ಛೆಯ ಕೆಳಗೆ ಬರೆದರೆ ಇನ್ನೊಬ್ಬ ಅಗತ್ಯದ ಕೆಳಗೆ ಬರೆದಾನು. ತಪ್ಪು ಯಾರದೂ ಅಲ್ಲ. ಅನುವಾದವನ್ನು ಮರಳಿ ಇಂಗ್ಲಿಷಿಗೆ ತಿರುಗಿಸಿ ಮೂಲದೊಡನೆ ಹೋಲಿಸುವ ರೂಢಿಯೊಂದಿದೆ. ಅದರಿಂದ ಕೈಪಿಡಿಯ ವಾಕ್ಯಗಳು ಸರಿಹೋದಾವು, ರೋಗಿಯ ಮಾತಿನ ಈ ದ್ವಂದ್ವ ಬಯಲಾಗದು.

ಇನ್ನು ಹಿರಿಯ ಸಮಾಲೋಚಕರೊಬ್ಬರು ಹುಡುಗನೊಬ್ಬನಿಗೆ “ಬಿಟ್ಟುಬಿಡಪ್ಪಾ” ಎಂದರೆನ್ನಿ. ಎಂಐಟಿಐ ಪ್ರಕಾರ ಅದು ಅನುಮತಿಯಿಲ್ಲದ ಮನವೊಲಿಕೆ, ಅಂದರೆ ದೋಷ. ಆ ‘ಅಪ್ಪಾ’ದಲ್ಲಿರುವ ಮಮತೆಗೆ ಎಲ್ಲಿ ಅಂಕ? ಆದರೆ ಮಮತೆಯ ಹೆಸರಿನಲ್ಲಿ ನಾವು ವೈದ್ಯರು ಎಷ್ಟೋ ಸಲ ಬರಿಯ ಉಪದೇಶವನ್ನೇ ಮಾಡಿದ್ದೇವೆ ಎಂಬುದನ್ನೂ ಒಪ್ಪಿಕೊಳ್ಳಬೇಕು. ಆದ್ದರಿಂದ ಸಾಧನವನ್ನು ಬಿಸುಡುವುದು ನಮಗೆ ಸಮ್ಮತವಲ್ಲ. ಅದನ್ನು ಇಲ್ಲಿಯ ಮಾತಿನ ಮೇಲೆಯೇ ಹೊಸದಾಗಿ ಪರೀಕ್ಷಿಸಬೇಕು. ಸ್ವೀಡಿಷ್, ಜರ್ಮನ್ ಭಾಷೆಗಳಲ್ಲಿ ಎಂಐಟಿಐ ಬಳಸಿದವರು ಕೇಳುಗರ ನಡುವಣ ಹೊಂದಿಕೆಯನ್ನು ಹೀಗೆಯೇ ಲೆಕ್ಕ ಹಾಕಿದರು.

ಆ ಲೆಕ್ಕದಲ್ಲಿಯೂ ಮೋಸಹೋಗುವುದು ಸುಲಭ. ಇಬ್ಬರು ಕೇಳುಗರು ಒಂದೇ ಸಂಭಾಷಣೆಯ 100 ಮಾತುಗಳನ್ನು ಪ್ರತ್ಯೇಕವಾಗಿ ಕೇಳಿ, ತಲಾ 10 ಮಾತುಗಳನ್ನು ‘ಬದಲಾವಣೆಯ ಮಾತು’ ಎಂದು ಗುರುತಿಸಿದರೆಂದು ಇಟ್ಟುಕೊಳ್ಳೋಣ. 86 ಮಾತುಗಳಲ್ಲಿ ಇಬ್ಬರ ಗುರುತೂ ಒಂದೇ ಆಯಿತು. ಬಹಳ ಚೆನ್ನಾಯಿತೆನಿಸುತ್ತದೆ. ಆದರೆ ಕಣ್ಣುಮುಚ್ಚಿ ಗುರುತು ಹಾಕಿದ್ದರೂ ಸುಮಾರು 82 ಹೊಂದುತ್ತಿದ್ದವು! ಆಕಸ್ಮಿಕವನ್ನು ಕಳೆದರೆ ಉಳಿಯುವ 18ರಲ್ಲಿ ಅವರು ನಿಜವಾಗಿ ಗಳಿಸಿದ್ದು 4 ಮಾತ್ರ, ಅಂದರೆ 0.22. ಜೇಕಬ್ ಕೋಹೆನ್ ಅವರು 1960ರಲ್ಲಿ ಕೊಟ್ಟ ಕಪ್ಪಾ ಎಂಬ ಈ ಅಳತೆಯಲ್ಲಿ ಪೂರ್ಣ ಹೊಂದಿಕೆಗೆ 1, ಬರಿಯ ಆಕಸ್ಮಿಕಕ್ಕೆ 0. (ಒಂದೇ ಕೈಯ ನಾಡಿ ಹಿಡಿದ ಇಬ್ಬರು ವೈದ್ಯರಿಗೂ ಇದೇ ಪರೀಕ್ಷೆ ಇಡಬೇಕೆಂಬುದು ನಮ್ಮ ಬಹುದಿನದ ಅಭಿಪ್ರಾಯ, ಮಿತ್ರರಿಗೆ ಇದು ರುಚಿಸದಿರಬಹುದು.)

ಇಬ್ಬರೂ ಒಟ್ಟಾಗಿಯೇ ತಪ್ಪುವುದೂ ಉಂಟು. ಮೈಸೂರು ಕಡೆಯ ಇಬ್ಬರು ಕೇಳುಗರು ಕಲಬುರಗಿಯವರ ಮಾತಿನ ಧಾಟಿಯನ್ನು ಒಂದೇ ರೀತಿ ತಪ್ಪಾಗಿ ತಿಳಿದರೆ, ಅಂಕ ಮಾತ್ರ ಉತ್ತಮವಾಗಿಯೇ ಬರುತ್ತದೆ. ಕೇಳುಗರು ಆಯಾ ಸೀಮೆಯ ನುಡಿ ಬಲ್ಲವರಾಗಿರಬೇಕು.

ಭಕ್ತರ ಮನೆಗಳಲ್ಲಿಯೂ ವ್ಯಸನದಿಂದ ನೊಂದವರಿದ್ದಾರೆ. ಚಿಕಿತ್ಸಾ ಕೇಂದ್ರದವರು ತಮ್ಮ ಸಮಾಲೋಚಕರಿಗೆ ಇಷ್ಟು ಅಂಕ ಬಂದಿದೆ ಎಂದು ಹೇಳಿದಾಗ, ಅದು ಯಾವ ಭಾಷೆಯ ಸಂಭಾಷಣೆಗೆ ಬಂದದ್ದು, ಎಷ್ಟು ಮಂದಿ ಬೇರೆ ಬೇರೆಯಾಗಿ ಕೇಳಿ ಕೊಟ್ಟದ್ದು ಎಂದು ವಿಚಾರಿಸಿ. ಸಂಭಾಷಣೆಯನ್ನು ಧ್ವನಿಮುದ್ರಿಸಲು ಒಪ್ಪಿಗೆ ಕೇಳಿದರೆ, ಯಾರು ಕೇಳುವರು, ಎಷ್ಟು ಕಾಲ ಇಡುವರು ಎಂದು ತಿಳಿದ ಮೇಲೆಯೇ ರೋಗಿಯು ಸಹಿ ಹಾಕಲಿ. ಒಪ್ಪದಿದ್ದರೂ ಚಿಕಿತ್ಸೆ ನಿಲ್ಲಬಾರದು.