ರೇರಾ ನಂಬರ್ ನೋಡಿದ ಮೇಲೂ ಒಂದು ದಿನ ರಜೆ ಹಾಕಿ

ಕೆಲವು ವರ್ಷಗಳ ಹಿಂದೆ ಡೊಂಬಿವಲಿ ಪೂರ್ವದಲ್ಲಿ ಒಂದು ಫ್ಲ್ಯಾಟ್ ನೋಡಿದ್ದೆವು. ಗಾಳಿ, ಬೆಳಕು ಚೆನ್ನಾಗಿತ್ತು. ಸ್ಟೇಷನ್‌ಗೆ ಶೇರ್ ರಿಕ್ಷಾ ಸಿಗುತ್ತಿತ್ತು. ಬೆಲೆ ಅಕ್ಕಪಕ್ಕದ ಕಟ್ಟಡಗಳಿಗಿಂತ ಐದಾರು ಲಕ್ಷ ಕಡಿಮೆ. ಊರಿನಲ್ಲಿ ಅಪ್ಪ ಅಡಿಕೆ ಮಾರಿದ ಹಣ ಕಳಿಸಲು ಸಿದ್ಧರಾಗಿದ್ದರು.

‘ರೇರಾ ನಂಬರ್ ಇದೆ ಸರ್, ಇನ್ನೇನು ಬೇಕು? ನಾಳೆಯೇ ಟೋಕನ್ ಕೊಡಿ’ ಎಂದು ಏಜೆಂಟ್ ಅವಸರ ಮಾಡಿದ. ನಂಬರನ್ನು ಮಹಾರೇರಾ ಜಾಲತಾಣದಲ್ಲಿ ಹಾಕಿದೆ. ಯೋಜನೆಯ ಹೆಸರು ಬಂತು. ನನಗೆ ಅಷ್ಟು ಸಾಕಾಗಿತ್ತು. ತಡೆದದ್ದು ಹೆಂಡತಿ. ‘ಪಾಲಿಕೆಯಲ್ಲೂ ಒಮ್ಮೆ ಕೇಳಿ ಬನ್ನಿ’ ಎಂದಳು. ಒಂದು ದಿನ ರಜೆ ಹಾಕಿ ಹೋದೆ. ಕಟ್ಟಡದ ಪರವಾನಗಿ ಸಂಖ್ಯೆ ಅಲ್ಲಿನ ದಾಖಲೆಯಲ್ಲೇ ಇರಲಿಲ್ಲ. ಟೋಕನ್ ಕೊಡಲಿಲ್ಲ.

ಎಲ್ಲರಿಗೂ ಹೀಗೆ ತಪ್ಪಿಸಿಕೊಳ್ಳಲು ಆಗಲಿಲ್ಲ. ಕಲ್ಯಾಣ್–ಡೊಂಬಿವಲಿ ಪಾಲಿಕೆಯ ಹೆಸರಿನಲ್ಲಿ ನಕಲಿ ಪರವಾನಗಿ ಸೃಷ್ಟಿಸಿ, ಅದನ್ನೇ ತೋರಿಸಿ ರೇರಾ ನೋಂದಣಿ ಪಡೆದಿದ್ದ 65 ಕಟ್ಟಡಗಳನ್ನು ಕೆಡವುವಂತೆ ಬಾಂಬೆ ಹೈಕೋರ್ಟ್ ನವೆಂಬರ್ 2024ರಲ್ಲಿ ಆದೇಶಿಸಿತು. ಅಲ್ಲಿ ಮನೆ ಕೊಂಡವರಲ್ಲಿ ಬ್ಯಾಂಕ್ ಸಾಲ ಪಡೆದವರೂ ಇದ್ದರು. ಅಂದರೆ ಬ್ಯಾಂಕ್ ಸಾಲ ಕೊಟ್ಟಿತು ಎಂಬುದೂ ಪೂರ್ತಿ ಭರವಸೆಯಲ್ಲ. ಮನೆ ಹೋದರೂ ಕಂತು ನಿಲ್ಲುವುದಿಲ್ಲ.

ಕೊಳ್ಳುವವರು ನೋಡಬೇಕಾದದ್ದು

ನಮ್ಮೂರಿನ ಪಹಣಿಯಂತೆ ಇಲ್ಲಿ ‘ಸಾತ್‌ಬಾರಾ’ ಇದೆ. ಜಮೀನು ಯಾರದೆಂದು ಅದರಲ್ಲಿ ತಿಳಿಯುತ್ತದೆ. ಕಟ್ಟಡ ಶುರು ಮಾಡಲು ಪಾಲಿಕೆ ಕೊಡುವ ಪತ್ರ ಸಿಸಿ, ವಾಸಕ್ಕೆ ಯೋಗ್ಯ ಎಂದು ಕೊಡುವುದು ಓಸಿ. ಬಿಲ್ಡರ್ ಕೊಟ್ಟ ಜೆರಾಕ್ಸ್ ನಂಬದೆ, ಅದರ ಸಂಖ್ಯೆಯನ್ನು ಪಾಲಿಕೆಯ ನಗರ ಯೋಜನಾ ವಿಭಾಗದಲ್ಲೇ ತಾಳೆ ನೋಡಿ. ಸಿಸಿ ಎಷ್ಟು ಮಹಡಿಗೆ ಸಿಕ್ಕಿದೆ ಎಂಬುದನ್ನೂ ಓದಿ. ಏಳು ಮಹಡಿಗೆ ಅನುಮತಿ ಇದ್ದು ನಿಮ್ಮ ಮನೆ ಒಂಬತ್ತನೆಯದಾದರೆ ತೊಂದರೆ ನಿಮ್ಮದೇ.

ರೇರಾ ಕಾಯ್ದೆಯ ಪ್ರಕಾರ, ಒಪ್ಪಂದ ನೋಂದಣಿಯಾಗದೆ ಬಿಲ್ಡರ್ ಶೇ 10ಕ್ಕಿಂತ ಹೆಚ್ಚು ಹಣ ಪಡೆಯುವಂತಿಲ್ಲ. ಬೆಲೆಯನ್ನು ಕಾರ್ಪೆಟ್ ಏರಿಯಾ ಲೆಕ್ಕದಲ್ಲೇ ಕೇಳಿ. ‘ಸೂಪರ್ ಬಿಲ್ಟ್‌ಅಪ್’ ಮಾತಿಗೆ ಮರುಳಾಗಬೇಡಿ.

ನವಿ ಮುಂಬೈಯಲ್ಲಿ ಬಹುಪಾಲು ಜಮೀನು ಸಿಡ್ಕೊ ಗುತ್ತಿಗೆಗೆ ಕೊಟ್ಟದ್ದು. ಅಲ್ಲಿ ಹಳೆಯ ಫ್ಲ್ಯಾಟ್ ಕೊಳ್ಳುವಾಗ ಸಿಡ್ಕೊ ವರ್ಗಾವಣೆಯ ಅನುಮತಿ ಮತ್ತು ಶುಲ್ಕದ ಬಗ್ಗೆ ಮೊದಲೇ ವಿಚಾರಿಸಿ. ಥಾಣೆಯ ಶೀಲ್ ಫಾಟಾದಲ್ಲಿ ಏಪ್ರಿಲ್ 2013ರಲ್ಲಿ ಅಕ್ರಮ ಕಟ್ಟಡವೊಂದು ಕುಸಿದು 74 ಮಂದಿ ಸತ್ತರು. ಪರವಾನಗಿ ಬರೀ ಕಾಗದದ ವಿಷಯವಲ್ಲ.

ಬಾಡಿಗೆಗೆ ಹೋಗುವವರಿಗೆ

ಇಲ್ಲಿನ ಬಾಡಿಗೆ ಕರಾರಿಗೆ ‘ಲೀವ್ ಆ್ಯಂಡ್ ಲೈಸೆನ್ಸ್’ ಎನ್ನುತ್ತಾರೆ. ಸಾಮಾನ್ಯವಾಗಿ 11 ತಿಂಗಳದ್ದು. ಊರಲ್ಲಿ 11 ತಿಂಗಳಾದರೆ ನೋಂದಣಿ ಬೇಡ ಎಂದು ಕೇಳಿ ಬಂದವರು ಗಮನಿಸಿ: 1999ರ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯ್ದೆಯ 55ನೇ ಕಲಂ ಪ್ರಕಾರ ಇದನ್ನೂ ನೋಂದಾಯಿಸಲೇಬೇಕು, ಅದು ಮಾಲೀಕರ ಹೊಣೆ. ಆನ್‌ಲೈನ್‌ನಲ್ಲೂ ಆಗುತ್ತದೆ. ‘ಹೆವಿ ಡಿಪಾಸಿಟ್’ ಎಂದರೆ ನಮ್ಮ ಭೋಗ್ಯದ ಹಾಗೆ. ದೊಡ್ಡ ಮೊತ್ತ ಕೊಡುವ ಮುನ್ನ ಮನೆಯ ಮೇಲೆ ಸಾಲವಿದೆಯೇ ಎಂದು ವಿಚಾರಿಸಿ. ಹಣವನ್ನು ಬ್ಯಾಂಕ್ ಮೂಲಕವೇ ಕೊಟ್ಟು, ಮೊತ್ತವನ್ನು ಕರಾರಿನಲ್ಲಿ ಬರೆಸಿ.

ಮನೆ ತೋರಿಸಲು ಏಜೆಂಟ್ ಭಾನುವಾರ ಮಧ್ಯಾಹ್ನ ಕರೆಯುತ್ತಾನೆ. ನೀವು ಸೋಮವಾರ ಬೆಳಿಗ್ಗೆ ಎಂಟಕ್ಕೆ ಅಲ್ಲಿಂದ ಹೊರಟು ಲೋಕಲ್ ಹತ್ತಿ ನೋಡಿ. ನೀರು ಎಷ್ಟು ಹೊತ್ತಿಗೆ ಬರುತ್ತದೆ, ಟ್ಯಾಂಕರ್ ತರಿಸುತ್ತಾರೆಯೇ ಎಂದು ವಾಚ್‌ಮನ್‌ನನ್ನು ಕೇಳಿ. ಕಲ್ಯಾಣ್‌ನಲ್ಲಿ ಉಲ್ಹಾಸ್, ವಾಲ್ಧುನಿ ನದಿಗಳ ಹತ್ತಿರವಾದರೆ, ಮಳೆಗಾಲದಲ್ಲಿ ನೀರು ಎಲ್ಲಿವರೆಗೆ ಬಂದಿತ್ತು ಎಂದು ಕೆಳಮಹಡಿಯವರನ್ನು ವಿಚಾರಿಸಿ.

ನಾವು ಈಗಲೂ ಬಾಡಿಗೆ ಮನೆಯಲ್ಲೇ ಇದ್ದೇವೆ. ‘ಇನ್ನೂ ಮನೆ ಆಗಲಿಲ್ಲವೇನೋ?’ ಎಂದು ಅಪ್ಪ ಫೋನಿನಲ್ಲಿ ಕೇಳುತ್ತಲೇ ಇರುತ್ತಾರೆ. ತಡವಾದದ್ದಕ್ಕೆ ಬೇಸರವಿಲ್ಲ. ಅವರ ಅಡಿಕೆಯ ಹಣ ಇನ್ನೂ ಅವರ ಖಾತೆಯಲ್ಲೇ ಇದೆ.