ಮನೆಯ ಗಣಕಯಂತ್ರ ಮತ್ತು ಎರಡನೆಯ ಪ್ರತಿ

ಆರೋಗ್ಯ ಲೇಖನಗಳೇ ಹೆಚ್ಚಾಗಿರುವ ಈ ಸ್ಮರಣ ಸಂಚಿಕೆಯಲ್ಲಿ ಗಣಕಯಂತ್ರದ ಪಾಲನೆಯನ್ನು ಕುರಿತ ಬರಹಕ್ಕೆ ಏನು ಕೆಲಸವೆಂದು ವಾಚಕರು ಕೇಳಬಹುದು. ಊರು ಬಿಟ್ಟು ಬಂದು ನಾಂಪಲ್ಲಿಯಂತಹ ಬಡಾವಣೆಗಳಲ್ಲಿ ನೆಲೆಸಿದ ನಮ್ಮ ಮನೆಗಳಲ್ಲಿ ಜಮೀನಿನ ಪಹಣಿ, ಮಕ್ಕಳ ಅಂಕಪಟ್ಟಿ, ಹಿರಿಯರ ಇ.ಸಿ.ಜಿ. ವರದಿ, ಎಲ್ಲವೂ ಇಂದು ಆ ಪೆಟ್ಟಿಗೆಯೊಳಗೇ ಇವೆ.

ವಿಂಡೋಸ್ 10 ವ್ಯವಸ್ಥೆಗೆ ತಯಾರಕರ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ರಂದು ಮುಗಿಯಿತು. ಚೆನ್ನಾಗಿಯೇ ನಡೆಯುತ್ತಿರುವ ಹಳೆಯ ಯಂತ್ರವನ್ನು ಎಸೆಯಲು ಮನಸ್ಸೊಪ್ಪದವರು ಲಿನಕ್ಸ್ ಹಾಕಿಸಿಕೊಳ್ಳಬಹುದು. ಲಿನಸ್ ಟೋರ್ವಾಲ್ಡ್ಸ್ 1991ರಲ್ಲಿ ಆರಂಭಿಸಿದ ಈ ಮುಕ್ತ ತಂತ್ರಾಂಶಕ್ಕೆ ಬೆಲೆ ಕೊಡಬೇಕಾಗಿಲ್ಲ. ಆದರೆ ಅದರ ಮನೆವಾರ್ತೆ ನೋಡಿಕೊಳ್ಳುವ ಹೊಣೆ ಬಹುಮಟ್ಟಿಗೆ ನಮ್ಮದೇ.

ನಾನು ಲಿನಕ್ಸ್ ಮಿಂಟ್ ಬಳಸುವವನು. ಅದರೊಡನೆ ಬರುವ ಟೈಮ್‌ಶಿಫ್ಟ್ ಎಂಬ ಸಾಧನದಿಂದ ಪ್ರತಿ ವಾರವೂ ಹೊರಗಿನ ಡಿಸ್ಕಿಗೆ ಪ್ರತಿ ತೆಗೆದು ನೆಮ್ಮದಿಯಿಂದಿದ್ದೆ. ಒಂದು ದಿನ ಯಂತ್ರದ ಡಿಸ್ಕ್ ಕೆಟ್ಟಿತು. ಹೊಸ ಡಿಸ್ಕ್ ಹಾಕಿ ಪ್ರತಿಯನ್ನು ಮರಳಿ ತುಂಬಲಾಗಿ, ವ್ಯವಸ್ಥೆಯೂ ತಂತ್ರಾಂಶಗಳೂ ಮೊದಲಿನಂತೆ ಬಂದವು. ನಮ್ಮ ಕಡತಗಳಿದ್ದ 'ಹೋಮ್' ಕೋಶ ಮಾತ್ರ ಬರಿದಾಗಿತ್ತು. ಟೈಮ್‌ಶಿಫ್ಟ್ ಉದ್ದೇಶಪೂರ್ವಕವಾಗಿಯೇ ಆ ಕೋಶವನ್ನು ಬಿಡುತ್ತದೆ. ವ್ಯವಸ್ಥೆಯನ್ನು ಕಳೆದ ವಾರದ ಸ್ಥಿತಿಗೆ ಒಯ್ಯುವಾಗ ನಿನ್ನೆ ಬರೆದ ಪತ್ರವೂ ಹಿಂದಕ್ಕೆ ಹೋಗಬಾರದಲ್ಲವೆ? ಅದನ್ನು ಓದಿ ತಿಳಿಯದಿದ್ದುದು ನನ್ನ ತಪ್ಪು. ತೀರಿಹೋದ ನಮ್ಮ ತಾಯಿಯವರು ಹೇಳಿದ ಹಸೆ ಹಾಡುಗಳ ಧ್ವನಿಮುದ್ರಣ ಅಲ್ಲಿತ್ತು. ತಂಗಿಯ ಮೊಬೈಲಿನಲ್ಲಿ ಉಳಿದಿದ್ದ ನಾಲ್ಕು ಹಾಡುಗಳಷ್ಟೇ ಈಗ ನಮಗಿರುವುದು.

ಆದುದರಿಂದ ಎರಡು ಖಾತೆಗಳನ್ನು ಬೇರೆಬೇರೆಯಾಗಿ ಇಡತಕ್ಕದ್ದು. ವ್ಯವಸ್ಥೆಗೆ ಟೈಮ್‌ಶಿಫ್ಟ್ ಇರಲಿ. ಅದನ್ನು ಇಡುವ ಡಿಸ್ಕನ್ನು 'ಇಎಕ್ಸ್‌ಟಿ4' ಮಾದರಿಯಲ್ಲಿ ಸಿದ್ಧಪಡಿಸಬೇಕು. ಪೆನ್‌ಡ್ರೈವ್‌ಗಳ ಸಾಮಾನ್ಯ ಮಾದರಿಯಲ್ಲಿ ಕಡತಗಳ ಒಡೆತನದ ವಿವರ ಉಳಿಯುವುದಿಲ್ಲ. ಇನ್ನು ಸ್ವಂತ ಕಡತಗಳಿಗೆ ಮಿಂಟಿನ 'ಬ್ಯಾಕಪ್ ಟೂಲ್' ಅಥವಾ ಉಬುಂಟುವಿನಲ್ಲಿ 'ಡೇಜಾ ಡುಪ್' ಸಾಕು. ವ್ಯವಸ್ಥೆಯನ್ನು ಯಾವ ದಿನ ಬೇಕಾದರೂ ಅಂತರ್ಜಾಲದಿಂದ ಪುಕ್ಕಟೆ ತರಬಹುದು, ಕಡತಗಳನ್ನು ತರಲಾಗದು. ಪ್ರತಿ ತೆಗೆದ ಮೇಲೆ ಡಿಸ್ಕನ್ನು ಯಂತ್ರದಿಂದ ಬಿಡಿಸಿಡಬೇಕು. ತಿಂಗಳಿಗೊಮ್ಮೆ ಅದರಿಂದ ಒಂದೆರಡು ಕಡತಗಳನ್ನು ಮರಳಿ ತೆಗೆದು ತೆರೆದು ನೋಡಬೇಕು. ತಾಳೆ ನೋಡದ ಲೆಡ್ಜರನ್ನು ಯಾವ ಬ್ಯಾಂಕಿನವನೂ ನಂಬುವುದಿಲ್ಲ. ಮನೆಯಲ್ಲಿ ನಾನು ನಂಬಿದ್ದೆ.

ಕನ್ನಡಿಗರಿಗೆ ಇನ್ನೊಂದು ತೊಡಕಿದೆ. ನುಡಿ, ಬರಹ ತಂತ್ರಾಂಶಗಳ ಹಳೆಯ ಅಕ್ಷರಸಂಕೇತದಲ್ಲಿ ಬೆರಳಚ್ಚಿಸಿದ ಕಡತಗಳು ಆ ಅಕ್ಷರವಿನ್ಯಾಸವಿಲ್ಲದ ಯಂತ್ರದಲ್ಲಿ ಅರ್ಥವಿಲ್ಲದ ಗೀಟುಗಳಾಗಿ ಕಾಣುತ್ತವೆ. ಅಂಥವನ್ನು ಯೂನಿಕೋಡ್‌ಗೆ ಪರಿವರ್ತಿಸಿ, ಮೂಲವನ್ನೂ ಜೊತೆಗಿಡುವುದು ಲೇಸು.

ದಿನನಿತ್ಯದ ಪಾಲನೆ ಅಷ್ಟೇನೂ ಕಷ್ಟವಲ್ಲ. ದೀರ್ಘಾವಧಿ ಬೆಂಬಲದ ಆವೃತ್ತಿಯನ್ನೇ ಆರಿಸಿ, ಉಬುಂಟು 24.04ಕ್ಕೆ 2029ರವರೆಗೆ ಸಾಮಾನ್ಯ ಬೆಂಬಲವಿದೆ. ವಾರಕ್ಕೊಮ್ಮೆ ಪರಿಷ್ಕರಣೆಗಳನ್ನು ಹಾಕಿಸಿ, ಅದು ನಡೆಯುವಾಗ ವಿದ್ಯುತ್ ಕಡಿತವಾಗದಂತೆ ನೋಡಿಕೊಳ್ಳಿ. ಹಳೆಯ ಪ್ರತಿಗಳು ಸೇರಿ ಡಿಸ್ಕ್ ತುಂಬಿಹೋದರೆ ಯಂತ್ರ ಏಳುವುದೇ ಕಷ್ಟವಾದೀತು. 'ಡಿಸ್ಕ್ಸ್' ಎಂಬ ಸಾಧನದಲ್ಲಿ 'ಸ್ಮಾರ್ಟ್' ವರದಿ ನೋಡಿದರೆ ಡಿಸ್ಕಿನ ಆರೋಗ್ಯ ತಿಳಿಯುತ್ತದೆ, ನಮ್ಮ ರಕ್ತಪರೀಕ್ಷೆಯಂತೆಯೇ. ವರದಿ ಚೆನ್ನಾಗಿದ್ದೂ ಹಠಾತ್ತನೆ ಕೈಕೊಡುವುದುಂಟು.

ಎರಡೂ ಪ್ರತಿಗಳು ಒಂದೇ ಸೂರಿನಡಿ ಇರಬಾರದು. 2020ರ ಅಕ್ಟೋಬರಿನ ಮಳೆಯಲ್ಲಿ ಈ ನಗರದ ಎಷ್ಟೋ ಮನೆಗಳಿಗೆ ನೀರು ನುಗ್ಗಿದಾಗ ಮೇಜಿನ ಮೇಲಿನ ಯಂತ್ರವೂ ಕೆಳಗಿನ ಕಪಾಟಿನ ಡಿಸ್ಕೂ ಒಟ್ಟಿಗೆ ನೆನೆಯುವಂತಿತ್ತು. ಬ್ಯಾಂಕುಗಳು ಬೇರೊಂದು ಊರಿನಲ್ಲಿ ಪ್ರತಿ ಇರಿಸುವುದು ಈ ಕಾರಣಕ್ಕೇ. ನಮ್ಮ ಎರಡನೆಯ ಡಿಸ್ಕ್ ಈಗ ಕಲಬುರಗಿಯಲ್ಲಿ ತಂಗಿಯ ಮನೆಯ ಅಲಮಾರಿನಲ್ಲಿದೆ. ಯುಗಾದಿಗೂ ದಸರೆಗೂ ಹೋದಾಗ ಹೊಸದನ್ನು ಕೊಟ್ಟು ಹಳೆಯದನ್ನು ತರುತ್ತೇವೆ. ಆ ನಾಲ್ಕು ಹಾಡುಗಳು ಎರಡರಲ್ಲೂ ಇವೆ.